ದೇಶಕ್ಕೆ ಆಕೆಯ ದೇಹ ಬೇಕಿತ್ತು

ಕಾವಲು ನಾಯಿಯೊಂದರ ಮುಖದಿಂದ ಸಿನಿಮಾ ಶುರುವಾಗುತ್ತದೆ. ಕಿವಿ ನಿಮಿರಿಸಿ ನಿಂತ ನಾಯಿ, ಅದರ ಪಟ್ಟಿ ಹಿಡಿದ ಕಾವಲುಗಾರ, ಬಂದೂಕು, ಎತ್ತರದ ಗೋಡೆ. ಅಲ್ಲಿಂದ ಕ್ಯಾಮೆರಾ ಮನೆಯೊಳಕ್ಕೆ ಹೊಕ್ಕರೆ ನಾಲ್ವರು ಹೆಂಗಸರು ಮಾಜಾಂಗ್ ಮೇಜಿನ ಸುತ್ತ ಕೂತಿದ್ದಾರೆ. ಆಟದ ಬಿಲ್ಲೆಗಳು ಕಟಕಟ ಸದ್ದು ಮಾಡುತ್ತ ಸರಿದಾಡುತ್ತವೆ. ಅವುಗಳನ್ನು ಸರಿಸುವ ಬೆರಳುಗಳಲ್ಲಿ ವಜ್ರಗಳು ಮಿಂಚುತ್ತವೆ. ಊರು ಶಾಂಘೈ, ಅದು ಶತ್ರುವಿನ ಕೈಯಲ್ಲಿದೆ, ಬೀದಿಯಲ್ಲಿ ಹಸಿವಿದೆ. ಇಲ್ಲಿ ಮಾತ್ರ ಊಟ, ಬಟ್ಟೆ, ಯಾರ ಗಂಡನಿಗೆ ಯಾವ ಹುದ್ದೆ ಸಿಕ್ಕಿತು ಎಂಬ ಮಾತುಗಳೇ. ನಾಲ್ವರಲ್ಲಿ ಚಿಕ್ಕವಳು ಶ್ರೀಮತಿ ಮಾಕ್. ಹಾಂಕಾಂಗಿನ ವ್ಯಾಪಾರಿಯೊಬ್ಬನ ಹೆಂಡತಿ ಎಂದು ಮನೆಯೊಡತಿ ನಂಬಿದ್ದಾಳೆ. ನಿಜದಲ್ಲಿ ಅವಳಿಗೆ ಗಂಡನೇ ಇಲ್ಲ. ಅವಳ ಹೆಸರು ವಾಂಗ್ ಜಿಯಾಝಿ, ಓದನ್ನು ಅರ್ಧಕ್ಕೆ ಬಿಟ್ಟ ವಿದ್ಯಾರ್ಥಿನಿ. ಈ ಮನೆಯ ಯಜಮಾನ ಯೀಯನ್ನು ಮೋಹದಲ್ಲಿ ಸಿಕ್ಕಿಸಿ, ಬಂದೂಕು ಹಿಡಿದು ಕಾದವರ ಕೈಗೆ ಒಪ್ಪಿಸುವುದು ಅವಳಿಗೆ ವಹಿಸಿದ ಕೆಲಸ.

ಆಂಗ್ ಲೀ ನಿರ್ದೇಶನದ ‘ಲಸ್ಟ್, ಕಾಷನ್’ ತೆರೆಕಂಡದ್ದು 2007ರಲ್ಲಿ. ಆ ವರ್ಷ ವೆನಿಸ್ ಚಿತ್ರೋತ್ಸವದ ತೀರ್ಪುಗಾರರ ಮಂಡಳಿಗೆ ಚೀನಾದ ನಿರ್ದೇಶಕ ಝಾಂಗ್ ಯಿಮೌ ಅಧ್ಯಕ್ಷರಾಗಿದ್ದರು. ಗೋಲ್ಡನ್ ಲಯನ್ ಈ ಚಿತ್ರಕ್ಕೆ ಬಂತು. ಎರಡು ವರ್ಷದ ಹಿಂದಷ್ಟೇ ‘ಬ್ರೋಕ್‌ಬ್ಯಾಕ್ ಮೌಂಟನ್’ ಚಿತ್ರಕ್ಕಾಗಿ ಲೀ ಅದೇ ಪ್ರಶಸ್ತಿ ಪಡೆದಿದ್ದರು. ಛಾಯಾಗ್ರಾಹಕ ರೋಡ್ರಿಗೊ ಪ್ರಿಯೆಟೊ ಅವರಿಗೂ ಅಲ್ಲಿ ಗೌರವ ಸಂದಿತು. ಅಮೆರಿಕದಲ್ಲಿ ಮಾತ್ರ ಹದಿನೇಳು ಮತ್ತು ಅದಕ್ಕಿಂತ ಕಡಿಮೆ ವಯಸ್ಸಿನವರಿಗೆ ಪ್ರವೇಶವೇ ಇಲ್ಲ ಎಂಬ ಕಟ್ಟುನಿಟ್ಟಿನ ಪ್ರಮಾಣಪತ್ರ ಸಿಕ್ಕಿತು. ಅಂದಿನಿಂದ ಇಂದಿನವರೆಗೆ ಈ ಸಿನಿಮಾದ ಮಾತು ಬಂದಾಗಲೆಲ್ಲ ಚರ್ಚೆ ಅದರ ಮೂರು ಹಾಸಿಗೆಯ ದೃಶ್ಯಗಳ ಸುತ್ತಲೇ ಗಿರಕಿ ಹೊಡೆಯುತ್ತದೆ. ನಟರು ನಿಜವಾಗಿ ಕೂಡಿದರೋ ಇಲ್ಲವೋ ಎಂಬ ಕೀಳು ಕುತೂಹಲ ಅದೆಷ್ಟು ಪತ್ರಿಕೆಗಳ ಅಂಕಣ ತುಂಬಿಸಿತೋ! ಚಿತ್ರ ಕೇಳುತ್ತಿದ್ದ ಪ್ರಶ್ನೆ ಈ ಗದ್ದಲದಲ್ಲಿ ಮುಚ್ಚಿಹೋಯಿತು. ದೇಶದ ಕೆಲಸಕ್ಕೆಂದು ಒಬ್ಬ ಹೆಣ್ಣಿನ ದೇಹವನ್ನು ಕೇಳಿ ಪಡೆದವರು ಅವಳಿಗೆ ಏನು ಕೊಟ್ಟರು?

ಕಾಲದೇಶಗಳನ್ನು ಸ್ವಲ್ಪ ತಿಳಿದುಕೊಂಡರೆ ಕತೆ ಸಲೀಸಾಗುತ್ತದೆ. 1937ರ ನವೆಂಬರಿನ ಹೊತ್ತಿಗೆ ಜಪಾನಿ ಸೇನೆ ಶಾಂಘೈಯನ್ನು ವಶಮಾಡಿಕೊಂಡಿತು. ವಿದೇಶಿಯರ ಆಡಳಿತದಲ್ಲಿದ್ದ ಇಂಟರ್‌ನ್ಯಾಷನಲ್ ಸೆಟ್ಲ್‌ಮೆಂಟ್ ಮತ್ತು ಫ್ರೆಂಚ್ ಕನ್ಸೆಷನ್ ಮಾತ್ರ ಆಕ್ರಮಿತ ನೆಲದ ನಡುವೆ ಒಂಟಿ ದ್ವೀಪವಾಗಿ ಉಳಿದವು. ನಾಲ್ಕು ವರ್ಷ ಆ ದ್ವೀಪದಲ್ಲಿ ಸಿನಿಮಾ ಮಂದಿರ, ಕೆಫೆ, ನೃತ್ಯಶಾಲೆಗಳ ನಡುವೆಯೇ ಕೊಲೆ, ಅಪಹರಣ, ಬೇಹುಗಾರಿಕೆ ನಡೆದವು. ಒಂದು ಕಾಲಕ್ಕೆ ಚೀನಾ ಗಣರಾಜ್ಯದ ಸ್ಥಾಪಕ ಸನ್ ಯಾತ್ ಸೆನ್ ಅವರ ಆಪ್ತನಾಗಿದ್ದ ವಾಂಗ್ ಜಿಂಗ್‌ವೇ ಜಪಾನಿನ ಪಕ್ಷ ವಹಿಸಿ, 1940ರ ಮಾರ್ಚಿನಲ್ಲಿ ನಾನ್‌ಜಿಂಗ್‌ನಲ್ಲಿ ಸರ್ಕಾರವೊಂದನ್ನು ಕಟ್ಟಿದ. ಅವನ ಕಡೆಯ ಗುಪ್ತ ಪೊಲೀಸರ ಠಾಣೆ ಶಾಂಘೈನ ಜೆಸ್‌ಫೀಲ್ಡ್ ರಸ್ತೆಯ 76ನೇ ನಂಬರಿನ ಬಂಗಲೆ. ‘ಎಪ್ಪತ್ತಾರು’ ಎಂದರೆ ಸಾಕು, ಊರು ನಡುಗುತ್ತಿತ್ತು. ಚಿತ್ರದ ಯೀ ಅಂಥ ಠಾಣೆಯನ್ನು ಆಳುವ ಮನುಷ್ಯ. ಹಗಲು ಯಾರನ್ನೋ ಹಿಂಸಿಸಿ ಕೊಲ್ಲಿಸಿ, ಸಂಜೆ ಇಸ್ತ್ರಿ ಕೆಡದ ಸೂಟಿನಲ್ಲಿ ಮನೆಗೆ ಬಂದು ಹೆಂಡತಿಯ ಮಾಜಾಂಗ್ ಮೇಜಿನ ಪಕ್ಕ ನಿಲ್ಲುವವನು. ಆ ಪಾತ್ರ ಟೋನಿ ಲ್ಯೂಂಗ್ ಅವರದು. ‘ಇನ್ ದ ಮೂಡ್ ಫಾರ್ ಲವ್’ನಲ್ಲಿ ಹೇಳಲಾಗದ ಪ್ರೀತಿಯನ್ನು ಕಣ್ಣಲ್ಲೇ ತುಂಬಿಕೊಂಡಿದ್ದ ನಟ ಇಲ್ಲಿ ಅವೇ ಕಣ್ಣುಗಳಲ್ಲಿ ಭಯವನ್ನೂ ಕ್ರೌರ್ಯವನ್ನೂ ತುಂಬಿಕೊಂಡಿದ್ದಾರೆ.

ಆದರೆ ಕತೆ ಮೊಳೆಯುವುದು ನಾಟಕದ ರಂಗದ ಮೇಲೆ. 1938ರ ಹಾಂಕಾಂಗ್. ಯುದ್ಧದಿಂದ ಅಲ್ಲಿಗೆ ಬಂದು ಸೇರಿದ ವಿದ್ಯಾರ್ಥಿಗಳು ದೇಶಭಕ್ತಿಯ ನಾಟಕ ಆಡುತ್ತಾರೆ. ಜಿಯಾಝಿಯ ತಂದೆ ಇಂಗ್ಲೆಂಡಿನಲ್ಲಿ ಮರುಮದುವೆಯಾಗಿ ನೆಲೆಸಿದ್ದಾನೆ, ಮಗಳಿಗೆ ಮನೆ ಎಂಬುದಿಲ್ಲ. ರಂಗದ ಮೇಲೆ ಅವಳು ಅತ್ತಾಗ ಇಡೀ ಸಭಾಂಗಣ ಎದ್ದು ನಿಂತು ಚೀನಾ ಬದುಕಬೇಕೆಂದು ಕೂಗುತ್ತದೆ. ಮೊದಲ ಸಲ ತಾನು ಎಲ್ಲರಿಗೂ ಬೇಕಾದವಳು ಎಂಬ ಅಮಲು ಅವಳ ಮುಖದಲ್ಲಿ ಹರಡುತ್ತದೆ. ಮುಂದೆ ಅವಳು ಮಾಡುವುದೆಲ್ಲದರ ಬೀಜ ಅಲ್ಲಿದೆ. ದೇಶಪ್ರೇಮ ಅವಳಲ್ಲಿ ಇರಲಿಲ್ಲವೆಂದಲ್ಲ. ದೇಶ, ಗೆಳೆಯರು, ಆ ಚಪ್ಪಾಳೆ, ತಂಡದ ನಾಯಕ ಕುವಾಂಗ್ ಯುಮಿನ್‌ನ ಮೇಲಿನ ಆಸೆ ಎಲ್ಲವೂ ಒಂದರೊಳಗೊಂದು ಹೊಸೆದುಕೊಂಡಿದ್ದವು. ಇಪ್ಪತ್ತು ವರ್ಷದ ಆಸುಪಾಸಿನ ಹುಡುಗಿ ಅವನ್ನು ಬಿಡಿಸಿ ನೋಡುವುದಾದರೂ ಹೇಗೆ?

ದ್ರೋಹಿ ಯೀ ಹಾಂಕಾಂಗಿನಲ್ಲಿದ್ದಾನೆ ಎಂದು ತಿಳಿದಾಗ ಈ ನಾಟಕದ ತಂಡವೇ ಅವನನ್ನು ಕೊಲ್ಲಲು ಹೊರಡುತ್ತದೆ. ಜಿಯಾಝಿ ಶ್ರೀಮತಿ ಮಾಕ್ ಆಗುತ್ತಾಳೆ. ಮದುವೆಯಾದ ಹೆಂಗಸಿನ ಪಾತ್ರ. ಅವಳೋ ಇನ್ನೂ ಕನ್ಯೆ. ಹಾಗಾಗಿ ಅವಳನ್ನು ‘ತಯಾರು’ ಮಾಡಬೇಕೆಂದು ಗೆಳೆಯರು ತೀರ್ಮಾನಿಸುತ್ತಾರೆ. ತಂಡದಲ್ಲಿ ಅನುಭವವಿದ್ದವನು ಒಬ್ಬನೇ, ಅದೂ ವೇಶ್ಯೆಯರಿಂದ ಪಡೆದದ್ದು. ಅವಳು ಇಷ್ಟಪಟ್ಟ ಕುವಾಂಗ್ ಬಾಯಿ ಬಿಡುವುದಿಲ್ಲ, ತಲೆ ತಗ್ಗಿಸುತ್ತಾನೆ. ಆ ರಾತ್ರಿಗಳನ್ನು ಆಂಗ್ ಲೀ ಯಾವ ಸೊಬಗೂ ಇಲ್ಲದೆ, ಮುಜುಗರ ಉಕ್ಕುವಂತೆ ತೋರಿಸಿದ್ದಾರೆ. ಬಲಿ ಕೊಡುವ ಹೊತ್ತಿಗೆ ಸರಿಯಾಗಿ ಯೀ ದಂಪತಿ ಶಾಂಘೈಗೆ ಹೊರಟುಹೋಗುತ್ತಾರೆ. ಕೊಟ್ಟದ್ದು ಕೊಟ್ಟ ಹಾಗೆ, ಪಡೆದದ್ದು ಏನೂ ಇಲ್ಲ. ಮರುದಿನದಿಂದ ಗೆಳೆಯರು ಅವಳ ಮುಖ ನೋಡಲು ಹಿಂಜರಿಯುತ್ತಾರೆ. ಈ ಚಿತ್ರದಲ್ಲಿ ನನ್ನನ್ನು ಅತಿ ಹೆಚ್ಚು ಕಲಕಿದ್ದು ಈ ಭಾಗ. ಒಳ್ಳೆಯ ಹುಡುಗರು, ಒಳ್ಳೆಯ ಉದ್ದೇಶ, ಆದರೂ ಒಬ್ಬ ಗೆಳತಿಯನ್ನು ಇಷ್ಟು ಸುಲಭವಾಗಿ ವಸ್ತುವಾಗಿಸಿಬಿಟ್ಟರು.

ಅದರ ಬೆನ್ನಿಗೇ ಕೊಲೆಯೊಂದು ಬರುತ್ತದೆ. ಯೀಯ ಬಂಟನೊಬ್ಬ ಗುಟ್ಟು ತಿಳಿದು ಬೆದರಿಸಲು ಬಂದಾಗ ಹುಡುಗರು ಚೂರಿ ಹಿಡಿದು ಮೇಲೆ ಬೀಳುತ್ತಾರೆ. ಅವನು ಸಾಯುವುದಿಲ್ಲ. ಒಬ್ಬೊಬ್ಬರಾಗಿ ಇರಿಯುತ್ತಾರೆ, ಅವನು ಏಳುತ್ತಾನೆ, ಉರುಳುತ್ತಾನೆ, ಮತ್ತೆ ಏಳುತ್ತಾನೆ. ರಂಗದ ಮೇಲೆ ಒಂದು ಗುಂಡಿನ ಸದ್ದಿಗೆ ಮುಗಿಯುತ್ತಿದ್ದ ಸಾವು ಇಲ್ಲಿ ಮುಗಿಯುವುದೇ ಇಲ್ಲ. ಜಿಯಾಝಿ ಬಾಗಿಲು ತೆರೆದು ಕತ್ತಲಿಗೆ ಓಡಿಹೋಗುತ್ತಾಳೆ. ಮೂಲ ಕತೆಯಲ್ಲಿ ಈ ಪ್ರಸಂಗವಿಲ್ಲ, ಚಿತ್ರಕತೆ ಬರೆದ ವಾಂಗ್ ಹುಯಿಲಿಂಗ್ ಮತ್ತು ಜೇಮ್ಸ್ ಶಾಮಸ್ ಸೇರಿಸಿದ್ದು. ಸೇರಿಸಿದ್ದು ಒಳ್ಳೆಯದಾಯಿತು.

ಮುಂದೆ ಶಾಂಘೈ. ಜಿಯಾಝಿ ಚಿಕ್ಕಮ್ಮನ ಮನೆಯಲ್ಲಿ ಇಕ್ಕಟ್ಟಿನ ಬದುಕು ನೂಕುತ್ತಿದ್ದಾಗ ಕುವಾಂಗ್ ಮತ್ತೆ ಹುಡುಕಿಕೊಂಡು ಬರುತ್ತಾನೆ. ಈಗ ಅವನ ಬೆನ್ನಿಗೆ ಜಪಾನಿನ ವಿರುದ್ಧ ಹೋರಾಡುತ್ತಿದ್ದ ಚೋಂಗ್‌ಚಿಂಗ್‌ನ ರಾಷ್ಟ್ರೀಯ ಸರ್ಕಾರದ ಗೂಢಚಾರರಿದ್ದಾರೆ, ಅವರ ಮುಖ್ಯಸ್ಥ ಮುದುಕ ವೂ. ಯೀಯಿಂದ ಹೆಂಡತಿಯನ್ನೂ ಇಬ್ಬರು ಮಕ್ಕಳನ್ನೂ ಕಳೆದುಕೊಂಡವನು ಅವನು. ತಂದೆಗೆ ತಲುಪಿಸಿ ಎಂದು ಜಿಯಾಝಿ ಪತ್ರವೊಂದನ್ನು ಅವನ ಕೈಗಿಡುತ್ತಾಳೆ. ಅವಳು ಅತ್ತ ಹೋದದ್ದೇ ಅವನು ಅದನ್ನು ಸುಡುತ್ತಾನೆ. ದೊಡ್ಡ ಯುದ್ಧದಲ್ಲಿ ಇಂಥ ಸಣ್ಣ ಬೆಂಕಿಗಳನ್ನು ಯಾರೂ ಲೆಕ್ಕ ಇಡುವುದಿಲ್ಲ, ಸಿನಿಮಾ ಇಟ್ಟಿದೆ.

ಇನ್ನು ಆ ಮೂರು ದೃಶ್ಯಗಳು. ಅವು ಚಿತ್ರದ ಅರ್ಧ ದಾಟಿದ ಮೇಲೆ ಬರುತ್ತವೆ. ಮೊದಲನೆಯದರಲ್ಲಿ ಯೀ ಬೆಲ್ಟು ಬಿಚ್ಚಿ ಅವಳನ್ನು ಹೊಡೆಯುತ್ತಾನೆ, ಕೈ ಕಟ್ಟುತ್ತಾನೆ. ಅವಳು ಮೋಹಿಸುವ ಆಟ ಆಡುತ್ತೇನೆಂದು ಕೂತಿದ್ದಳು, ಅವನು ಆಟದ ನಿಯಮಗಳನ್ನೇ ಕಿತ್ತೆಸೆಯುತ್ತಾನೆ. ಎರಡನೆಯ, ಮೂರನೆಯ ದೃಶ್ಯಗಳಿಗೆ ಬರುವ ಹೊತ್ತಿಗೆ ಯಾರು ಯಾರನ್ನು ಹಿಡಿದಿದ್ದಾರೆಂದು ಹೇಳುವುದು ಕಷ್ಟ. ಹಗಲೆಲ್ಲ ಇತರರನ್ನು ಹಿಂಸಿಸಿ ಸುಳ್ಳು ನಿಜ ಬೇರ್ಪಡಿಸುವ ಯೀಗೆ ಇವಳ ದೇಹವನ್ನೂ ಹಾಗೆಯೇ ವಿಚಾರಣೆಗೆ ಒಳಪಡಿಸುವುದು ಗೊತ್ತು, ಬೇರೆ ರೀತಿ ಗೊತ್ತಿಲ್ಲ. ಮಾತಿನಲ್ಲಿ, ನಗುವಿನಲ್ಲಿ ಸುಳ್ಳು ಹೇಳಬಲ್ಲ ಜಿಯಾಝಿಗೆ ಅಲ್ಲಿ ಸುಳ್ಳು ಹೇಳಲು ಜಾಗ ಉಳಿಯುವುದಿಲ್ಲ. ಪಾತ್ರ ಎಲ್ಲಿ ಮುಗಿಯಿತು, ತಾನು ಎಲ್ಲಿ ಶುರುವಾದೆ ಎಂದು ಅವಳಿಗೇ ತಿಳಿಯದಾಗುವ ಬಿಂದು ಅದು. ಈ ದೃಶ್ಯಗಳನ್ನು ತೆಗೆದರೆ ಚಿತ್ರದ ಬೆನ್ನೆಲುಬನ್ನೇ ತೆಗೆದಂತೆ. ಇವು ಆಸೆ ಕೆರಳಿಸಲು ಇಟ್ಟವಲ್ಲ. ಸಾವಧಾನವಾಗಿ ನೋಡಿದವರಿಗೆ ಸುಖಕ್ಕಿಂತ ಸಂಕಟವೇ ಹೆಚ್ಚು ಕಾಣುತ್ತದೆ.

ಹಾಸಿಗೆಯಿಂದ ದೂರ, ಮುಚ್ಚಿದ ಕೋಣೆಯೊಂದರಲ್ಲಿ ಇದಕ್ಕಿಂತ ಬೆತ್ತಲಾದ ದೃಶ್ಯವಿದೆ. ಜಿಯಾಝಿ ವೂ ಮತ್ತು ಕುವಾಂಗ್ ಎದುರು ಕೂತು ವರದಿ ಒಪ್ಪಿಸುತ್ತಿದ್ದಾಳೆ. ಇನ್ನೂ ಸ್ವಲ್ಪ ದಿನ ಅವನನ್ನು ಹಿಡಿದಿಟ್ಟುಕೋ ಎನ್ನುತ್ತಾನೆ ವೂ. ಆಗ ಅವಳು ಹೇಳತೊಡಗುತ್ತಾಳೆ: ಅವನು ತನ್ನ ದೇಹದೊಳಕ್ಕೆ ಮಾತ್ರವಲ್ಲ, ಹಾವಿನಂತೆ ಎದೆಯೊಳಕ್ಕೂ ನುಗ್ಗುತ್ತಿದ್ದಾನೆ, ಪ್ರತಿ ಸಲವೂ ಅವನ ಸಂಶಯ ತೀರುವವರೆಗೆ ತಾನು ನೋಯಬೇಕು, ಕೂಗಬೇಕು, ಆ ಗಳಿಗೆಯಲ್ಲೇ ನೀವು ನುಗ್ಗಿ ಅವನ ತಲೆಗೆ ಗುಂಡು ಹಾರಿಸಿದರೆ ಸಾಕಪ್ಪಾ ಎನಿಸುತ್ತದೆ ಎಂದು. ಅನೇಕ ಸಾವುಗಳನ್ನು ಕಂಡ ವೂಗೆ ಇದನ್ನು ಕೇಳಲಾಗುವುದಿಲ್ಲ. ಸಾಕು ಎಂದು ಕಿರುಚಿ ಎದ್ದು ಹೋಗುತ್ತಾನೆ. ಅವಳು ಅನುಭವಿಸಬಹುದು, ಅವನು ಕೇಳಲಾರ! ಜಿಯಾಝಿಯಾಗಿ ನಟಿಸಿದ ಟಾಂಗ್ ವೇ ಈ ಮಾತುಗಳನ್ನು ಹೇಳುವಾಗ ದನಿ ಏರಿಸುವುದೇ ಇಲ್ಲ. ಅದು ಆಕೆಯ ಮೊದಲ ಚಿತ್ರ. ಸಾವಿರಾರು ಹುಡುಗಿಯರ ನಡುವೆ ಆಯ್ಕೆಯಾಗಿ ಬಂದ, ಬೀಜಿಂಗಿನ ನಾಟಕ ಅಕಾಡೆಮಿಯಲ್ಲಿ ನಿರ್ದೇಶನ ಓದಿದ್ದ ಆ ಹುಡುಗಿ ಹೊಸಬಳೆಂದು ನಂಬಲು ಕಷ್ಟವಾಗುತ್ತದೆ. ಆಮೇಲೊಮ್ಮೆ ಕುವಾಂಗ್ ಅವಳನ್ನು ಚುಂಬಿಸುತ್ತಾನೆ. ಮೂರು ವರ್ಷದ ಹಿಂದೆಯೇ ಏಕೆ ಹೀಗೆ ಮಾಡಲಿಲ್ಲ ಎಂದು ಅವಳು ಕೇಳಿದಾಗ ಅವನಲ್ಲಿ ಉತ್ತರವಿಲ್ಲ.

ಆಭರಣದಂಗಡಿಯ ದೃಶ್ಯ ನಮ್ಮ ಓದುಗರಿಗೆ ಒಂದು ಕಾರಣಕ್ಕೆ ವಿಶೇಷವಾಗಿ ಹತ್ತಿರವಾದೀತು. ಅಂಗಡಿಯ ಮಾಲೀಕ ಭಾರತೀಯ, ಪಾತ್ರ ಮಾಡಿದವರು ಅನುಪಮ್ ಖೇರ್. ಇದು ಕತೆಗೆ ಅಂಟಿಸಿದ ಅಲಂಕಾರವಲ್ಲ. ಮೂಲ ಕತೆಯಲ್ಲೂ ಅಂಗಡಿಯವನು ಭಾರತೀಯನೇ. ಆ ಕಾಲದ ಶಾಂಘೈನಲ್ಲಿ ಪಾರ್ಸಿ, ಸಿಂಧಿ ವರ್ತಕರು ನೆಲೆಸಿದ್ದರು. ಪೇಟ ಸುತ್ತಿದ ಸಿಖ್ ಪೊಲೀಸರು ಸೆಟ್ಲ್‌ಮೆಂಟಿನ ಚೌಕಗಳಲ್ಲಿ ನಿಲ್ಲುತ್ತಿದ್ದರು. ಕೊಲೆಗೆ ಆರಿಸಿದ ಜಾಗ ಈ ಅಂಗಡಿ. ಹೊರಗೆ ಗೆಳೆಯರು ಬಂದೂಕು ಬಚ್ಚಿಟ್ಟುಕೊಂಡು ಕಾದಿದ್ದಾರೆ. ಮೇಲಿನ ಸಣ್ಣ ಕೋಣೆಯಲ್ಲಿ, ಮೇಜಿನ ದೀಪದ ಬೆಳಕಿನಲ್ಲಿ, ಯೀ ಅವಳಿಗೆಂದು ಕೂರಿಸಲು ಹೇಳಿದ್ದ ಗುಲಾಬಿ ವಜ್ರದ ಉಂಗುರ ಬರುತ್ತದೆ. ಅವಳು ಬೆರಳಿಗೆ ಹಾಕಿಕೊಂಡು ತೆಗೆಯಲು ಹೋಗುತ್ತಾಳೆ. ಬೆಲೆಬಾಳುವ ವಸ್ತು ಹಾಕಿಕೊಂಡು ಬೀದಿಯಲ್ಲಿ ಹೋಗಲು ಭಯ ಎಂದಾಗ, ನೀನು ನನ್ನ ಜೊತೆಗಿದ್ದೀಯಲ್ಲ ಎನ್ನುತ್ತಾನೆ. ಅವನ ಮುಖದಲ್ಲಿ ಆಗ ಯಾವ ಸಂಶಯವೂ ಇಲ್ಲ. ಇಡೀ ಚಿತ್ರದಲ್ಲಿ ಅವನು ಕಾವಲು ಕೆಳಗಿಟ್ಟ ಗಳಿಗೆ ಅದೊಂದೇ. ಅವಳು ಅವನನ್ನು ನೋಡುತ್ತಾಳೆ. ಹೋಗು, ಬೇಗ ಎಂದು ಬಾಯಿಂದ ಬಿದ್ದುಬಿಡುತ್ತದೆ. ಒಂದು ಕ್ಷಣ ಅರ್ಥವಾಗದೆ ನೋಡಿದ ಯೀ, ಅರ್ಥವಾದದ್ದೇ ಮೆಟ್ಟಿಲು ಹಾರಿ, ಬೀದಿ ದಾಟಿ, ಕಾರಿನೊಳಕ್ಕೆ ಮೈಯನ್ನು ಎಸೆದುಕೊಳ್ಳುತ್ತಾನೆ. ಟೋನಿ ಲ್ಯೂಂಗ್ ಆ ಓಟವನ್ನು ಘನತೆಯೆಲ್ಲ ಕಳಚಿದ ಪ್ರಾಣಭಯವಾಗಿ ಮಾಡಿದ್ದಾರೆ.

ಅವಳು ಹಾಗೇಕೆ ಹೇಳಿದಳು? ಪ್ರೀತಿ ಎನ್ನುವವರಿದ್ದಾರೆ, ವಜ್ರದ ಮೋಹ ಎನ್ನುವವರೂ ಇದ್ದಾರೆ. ನನಗೆ ತೋರುವುದು ಇಷ್ಟು: ಇಷ್ಟು ವರ್ಷಗಳಲ್ಲಿ ಎಲ್ಲರೂ ಅವಳಿಂದ ಬೇಡಿದವರೇ. ತಂದೆ ಬಿಟ್ಟುಹೋದ, ಗೆಳೆಯರು ಕನ್ಯತ್ವ ಕೇಳಿದರು, ವೂ ಇನ್ನೂ ಕೆಲವು ದಿನ ಎಂದ. ಅವಳಿಗೆಂದೇ ಏನನ್ನಾದರೂ ಮಾಡಿಸಿ ತಂದುಕೊಟ್ಟವನು ಈ ಕೊಲೆಗಡುಕನೊಬ್ಬನೇ. ಅವನು ಅದಕ್ಕೆ ಅರ್ಹನಲ್ಲ ಎಂಬುದನ್ನು ಚಿತ್ರ ಒಂದು ಕ್ಷಣವೂ ಮರೆಮಾಚುವುದಿಲ್ಲ. ಅದೇ ರಾತ್ರಿ ಅವಳೂ ಅವಳ ಗೆಳೆಯರೂ ಊರ ಹೊರಗಿನ ಕಲ್ಲುಕ್ವಾರಿಯ ಅಂಚಿನಲ್ಲಿ ಮಂಡಿಯೂರುತ್ತಾರೆ, ಆಜ್ಞೆಗೆ ಸಹಿ ಹಾಕಿದವನು ಯೀ. ಉಂಗುರವನ್ನು ಸಹಾಯಕ ತಂದು ಮೇಜಿನ ಮೇಲಿಟ್ಟಾಗ ಅದು ನನ್ನದಲ್ಲ ಎನ್ನುತ್ತಾನೆ.

ಮೂಲ ಕತೆ ಐಲೀನ್ ಚಾಂಗ್ ಅವರದು. 1920ರಲ್ಲಿ ಶಾಂಘೈನ ಹಳೆಯ ಸಿರಿವಂತ ಮನೆತನದಲ್ಲಿ ಹುಟ್ಟಿದ ಲೇಖಕಿ. ಹಾಂಕಾಂಗಿನಲ್ಲಿ ಓದುತ್ತಿದ್ದಾಗ 1941ರ ಡಿಸೆಂಬರಿನಲ್ಲಿ ಜಪಾನಿನ ದಾಳಿಯಾಗಿ ಓದು ನಿಂತಿತು. ಆಕ್ರಮಿತ ಶಾಂಘೈಗೆ ಮರಳಿ, ಇಪ್ಪತ್ತಮೂರು ಇಪ್ಪತ್ತನಾಲ್ಕರ ವಯಸ್ಸಿಗೆ ಆ ಊರಿನ ಅತಿ ಹೆಸರಾದ ಕತೆಗಾರ್ತಿಯಾದರು. 1944ರಲ್ಲಿ ಮದುವೆಯಾದದ್ದು ವಾಂಗ್ ಜಿಂಗ್‌ವೇ ಸರ್ಕಾರದ ಪ್ರಚಾರ ವಿಭಾಗದಲ್ಲಿದ್ದ ಹು ಲಾಂಚೆಂಗ್‌ನನ್ನು. ಅವನು ಬೇರೆ ಹೆಣ್ಣುಗಳ ಹಿಂದೆ ಹೋದ, 1947ರಲ್ಲಿ ಆ ಸಂಬಂಧ ಮುಗಿಯಿತು. ದ್ರೋಹಿ ಎನಿಸಿಕೊಂಡವನನ್ನು ಪ್ರೀತಿಸಿ ಅವನಿಂದಲೇ ದ್ರೋಹಕ್ಕೊಳಗಾದ ಹೆಣ್ಣು 1950ರ ದಶಕದಲ್ಲಿ ಈ ಕತೆ ಬರೆಯಲು ಕೂತರು. ಸುಮಾರು ಮೂರು ದಶಕ ತಿದ್ದಿದರು. 1970ರ ದಶಕದ ಕೊನೆಯಲ್ಲಿ ತೈವಾನಿನಲ್ಲಿ ಅದು ಅಚ್ಚಾದಾಗ ದೇಶದ್ರೋಹಿಯನ್ನು ಹೊಗಳಿದ್ದಾರೆಂಬ ಟೀಕೆ ಬಂತು, ಅವರು ಉತ್ತರವನ್ನೂ ಬರೆದರು. ಹಾಸಿಗೆಯ ವರ್ಣನೆ ಕತೆಯಲ್ಲಿ ಇಲ್ಲವೆನ್ನುವಷ್ಟು ಕಡಿಮೆ. 1995ರಲ್ಲಿ ಲಾಸ್ ಏಂಜಲೀಸಿನ ಬಾಡಿಗೆ ಮನೆಯಲ್ಲಿ ಒಬ್ಬರೇ ತೀರಿಕೊಂಡ ಅವರು ಈ ಸಿನಿಮಾ ನೋಡಲಿಲ್ಲ.

ಕತೆಯ ಹಿಂದೆ ನಿಜವಾದ ಹೆಣ್ಣೊಬ್ಬಳ ನೆರಳಿದೆ ಎಂದು ಓದುಗರು ಬಹುಕಾಲದಿಂದ ಗುರುತಿಸುತ್ತ ಬಂದಿದ್ದಾರೆ. ಆಕೆ ಜೆಂಗ್ ಪಿಂಗ್ರು. ತಂದೆ ಜಪಾನಿನಲ್ಲಿ ಕಾನೂನು ಓದಿ ಬಂದ ಚೀನೀ ನ್ಯಾಯಾಧಿಕಾರಿ, ತಾಯಿ ಜಪಾನಿನವರು. 1937ರ ಜುಲೈನಲ್ಲಿ ‘ಲಿಯಾಂಗ್‌ಯೂ’ ಎಂಬ ಜನಪ್ರಿಯ ಸಚಿತ್ರ ಪತ್ರಿಕೆಯ ಮುಖಪುಟದಲ್ಲಿ ಆಕೆಯ ಚಿತ್ರ ಬಂದಿತ್ತು. ತಾಯ್ನುಡಿಯಾಗಿ ಬಂದ ಜಪಾನಿ ಭಾಷೆ ಆಕೆಯ ಆಯುಧವಾಯಿತು. ರಾಷ್ಟ್ರೀಯ ಸರ್ಕಾರದ ಗೂಢಚಾರಳಾಗಿ, ‘ಎಪ್ಪತ್ತಾರು’ ಠಾಣೆಯ ಮುಖ್ಯಸ್ಥ ದಿಂಗ್ ಮೋಚುನ್‌ನ ಸ್ನೇಹ ಸಂಪಾದಿಸಿದಳು. 1939ರ ಡಿಸೆಂಬರ್ 21ರಂದು ಕೋಟು ಕೊಳ್ಳುವ ನೆವದಲ್ಲಿ ಅವನನ್ನು ಸೈಬೀರಿಯನ್ ಫರ್ ಅಂಗಡಿಗೆ ಕರೆದೊಯ್ದಳು. ತನ್ನನ್ನು ಕೊಲ್ಲಲು ಹೊರಗೆ ಕಾದಿದ್ದವರ ಮೇಲೆ ಅನುಮಾನ ಬಂದ ದಿಂಗ್ ಇನ್ನೊಂದು ಬದಿಗೆ ಓಡಿ, ಗುಂಡು ತಡೆಯುವ ಕಾರು ಹತ್ತಿ ತಪ್ಪಿಸಿಕೊಂಡ. ಅವಳು ಊರು ಬಿಡಲಿಲ್ಲ. ಮತ್ತೊಮ್ಮೆ ಯತ್ನಿಸಲು ಹೋಗಿ ಸಿಕ್ಕಿಬಿದ್ದಳು. 1940ರ ಫೆಬ್ರವರಿಯಲ್ಲಿ ಅವಳನ್ನು ಗುಂಡಿಟ್ಟು ಕೊಂದರು, ವಯಸ್ಸು ಇಪ್ಪತ್ತೆರಡೂ ದಾಟಿರಲಿಲ್ಲ. ಯುದ್ಧ ಮುಗಿದ ಮೇಲೆ, 1947ರಲ್ಲಿ ದಿಂಗ್‌ಗೂ ಮರಣದಂಡನೆಯಾಯಿತು.

ಚಿತ್ರ ಬಂದಾಗ ಅಮೆರಿಕದಲ್ಲಿದ್ದ ಪಿಂಗ್ರು ತಂಗಿ ಪ್ರತಿಭಟಿಸಿದರು. ತನ್ನ ಅಕ್ಕ ದೇಶಕ್ಕಾಗಿ ಪ್ರಾಣ ಕೊಟ್ಟವಳು, ಕೊಲೆಗಡುಕನಿಗೆ ಮನಸೋತವಳಲ್ಲ ಎಂಬುದು ಅವರ ನೋವು. ಈ ನೋವನ್ನು ಕಲೆಯ ಸ್ವಾತಂತ್ರ್ಯದ ಹೆಸರಿನಲ್ಲಿ ತಳ್ಳಿಹಾಕುವುದು ಸರಿಯಲ್ಲ ಎಂದೇ ನನ್ನ ಭಾವನೆ. ಜಿಯಾಝಿ ಬೇರೆ, ಪಿಂಗ್ರು ಬೇರೆ. ಪಿಂಗ್ರು ಬಾಯಿಂದ ಎಚ್ಚರಿಕೆಯ ಮಾತು ಬರಲಿಲ್ಲ. ದಿಂಗ್ ಬದುಕಿದ್ದು ತನ್ನ ಸಂಶಯದಿಂದ. ಚಿತ್ರ ನೋಡಿದವರು ಜಿಯಾಝಿಯನ್ನೇ ಪಿಂಗ್ರು ಎಂದು ತಿಳಿದರೆ ಸತ್ತವಳಿಗೆ ಅನ್ಯಾಯವಾಗುತ್ತದೆ.

ಇನ್ನೊಂದು ಅನ್ಯಾಯ ನಮ್ಮ ಕಣ್ಣೆದುರೇ ನಡೆಯಿತು. ಚೀನಾದಲ್ಲಿ ಚಿತ್ರ ಸುಮಾರು ಏಳು ನಿಮಿಷ ಕತ್ತರಿಸಿಕೊಂಡು ಬಿಡುಗಡೆಯಾಯಿತು. ಪೂರ್ಣ ಚಿತ್ರ ನೋಡಲು ಜನ ಗಡಿ ದಾಟಿ ಹಾಂಕಾಂಗಿಗೆ ಹೋದರು. ಬೀಜಿಂಗಿನ ಕಾನೂನು ವಿದ್ಯಾರ್ಥಿಯೊಬ್ಬ, ಪ್ರೇಕ್ಷಕನಾದ ತನ್ನ ಹಕ್ಕಿಗೆ ಚ್ಯುತಿ ಬಂದಿದೆಯೆಂದು ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿದ. 2008ರ ಮಾರ್ಚಿನಲ್ಲಿ ಟಾಂಗ್ ವೇ ಅವರನ್ನು ಅಲ್ಲಿನ ಮಾಧ್ಯಮಗಳಿಂದ ದೂರವಿಡುವ ಆದೇಶ ಬಂತು. ಆಕೆ ನಟಿಸಿದ್ದ ಸೌಂದರ್ಯವರ್ಧಕದ ಜಾಹೀರಾತು ಟಿವಿಯಿಂದ ಮಾಯವಾಯಿತು. ಅದೇ ವರ್ಷದ ಬೇಸಿಗೆಯಲ್ಲಿ, ಅದೇ ದೃಶ್ಯಗಳಲ್ಲಿ ಆಕೆಯ ಜೊತೆ ನಟಿಸಿದ ಟೋನಿ ಲ್ಯೂಂಗ್ ‘ರೆಡ್ ಕ್ಲಿಫ್’ನ ವೀರ ಸೇನಾನಿಯಾಗಿ ಚೀನಾದ ಪರದೆಗಳನ್ನು ತುಂಬಿದರು. ಲೀ ಅವರಿಗೂ ಬಾಗಿಲು ಮುಚ್ಚಲಿಲ್ಲ. ಚಿತ್ರ ಮೂವರದು, ಶಿಕ್ಷೆ ಒಬ್ಬಳಿಗೆ. ಕತೆಯೊಳಗೆ ಆ ಹುಡುಗಿಗೆ ಏನಾಯಿತೋ ಅದನ್ನೇ ಕತೆಯ ಹೊರಗೆ ನಟಿಗೂ ಮಾಡಿದರು. ಇದರಲ್ಲಿ ಅಧಿಕಾರಸ್ಥರದಷ್ಟೇ ತಪ್ಪು, ಹಾಸಿಗೆಯ ದೃಶ್ಯಗಳ ಬಗ್ಗೆ ಆಕೆಯನ್ನು ಮಾತ್ರ ಮತ್ತೆ ಮತ್ತೆ ಕೆದಕಿದ ಪತ್ರಕರ್ತರದೂ ಇದೆ.

ಟಾಂಗ್ ವೇ ಕುಗ್ಗಲಿಲ್ಲ. 2010ರಲ್ಲಿ ಹಾಂಕಾಂಗಿನ ‘ಕ್ರಾಸಿಂಗ್ ಹೆನ್ನೆಸ್ಸಿ’ಯಿಂದ ಮರಳಿದರು, ಕೊರಿಯಾದ ನಿರ್ದೇಶಕ ಕಿಮ್ ತೇ ಯೋಂಗ್ ಅವರ ‘ಲೇಟ್ ಆಟಮ್’ನಲ್ಲಿ ನಟಿಸಿದರು, ಮುಂದೆ ಅವರನ್ನೇ ಮದುವೆಯಾದರು. ಪಾರ್ಕ್ ಚಾನ್ ವೂಕ್ ಅವರ ‘ಡಿಸಿಷನ್ ಟು ಲೀವ್’ ಚಿತ್ರಕ್ಕೆ 2022ರಲ್ಲಿ ಕೊರಿಯಾದ ಬ್ಲೂ ಡ್ರ್ಯಾಗನ್ ಶ್ರೇಷ್ಠ ನಟಿ ಪ್ರಶಸ್ತಿ ಆಕೆಗೆ ಬಂತು. ಆ ಪ್ರಶಸ್ತಿ ಪಡೆದ ಮೊದಲ ವಿದೇಶಿ ನಟಿ ಆಕೆ.

‘ಲಸ್ಟ್, ಕಾಷನ್’ ಮನೆಮಂದಿಯೆಲ್ಲ ಕೂತು ನೋಡುವ ಸಿನಿಮಾ ಅಲ್ಲ. ವಯಸ್ಕರು ಮಾತ್ರ ನೋಡಬೇಕು, ನೋಡುವುದಾದರೆ ಎರಡೂವರೆ ಗಂಟೆ ದಾಟುವ ಪೂರ್ಣ ಚಿತ್ರವನ್ನೇ ನೋಡಬೇಕು. ಕತ್ತರಿಸಿದ ತುಣುಕುಗಳನ್ನು ಮೊಬೈಲಿನಲ್ಲಿ ಹುಡುಕಿ ನೋಡುವವರಿಗೆ ಸಿಗುವುದು ಈ ಚಿತ್ರವಲ್ಲ. ನೋಡಿ ಮುಗಿಸಿದ ಮೇಲೆ ಜೆಂಗ್ ಪಿಂಗ್ರು ಬಗ್ಗೆಯೂ ಹುಡುಕಿ ಓದಿ. ಶಾಂಘೈ ಹೊರವಲಯದ ಫುಶೌಯುವಾನ್ ಸ್ಮಶಾನದಲ್ಲಿ 2009ರಿಂದ ಆಕೆಯ ಕಂಚಿನ ಪ್ರತಿಮೆಯಿದೆ.